ಗೋಡೆಗೆ ಅಂಟಿಸಿದ ಮೇಲೆ ಮಾತಾಡುವಂತಿಲ್ಲ

"ಫೋಟೋ ತೆಗೆಯಕ್ಕೂ ಮೂರು ವರ್ಷ ಓದ್ಬೇಕೇನೋ ಮಾರಾಯ?"

ತೀರ್ಥಹಳ್ಳಿ ಕಡೆಯ ನನ್ನ ಸ್ನೇಹಿತನ ತಾಯಿ ಮೊಮ್ಮಗನನ್ನು ಹೀಗೆ ಕೇಳಿದರು. ಹುಡುಗ ಬ್ರಿಟನ್ನಿನಲ್ಲಿ ಬಿ.ಎ. ಆನರ್ಸ್ ಮಾಡುತ್ತಿದ್ದಾನೆ. ವಿಷಯ ಫೋಟೊಗ್ರಫಿ. ಅಜ್ಜಿಯ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಅವರು ಕಂಡಿದ್ದ ಫೋಟೊಗ್ರಾಫರ್ ಎಂದರೆ ಪೇಟೆ ಸ್ಟುಡಿಯೊದವನು. ಗಲ್ಲ ಹಿಡಿದು ಮುಖ ಇಷ್ಟೇ ಇಷ್ಟು ಓರೆ ಮಾಡಿಸಿ, ಉಸಿರು ಬಿಡಬೇಡಿ ಎಂದು ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದವನು. ಅವನು ಕೆಲಸ ಕಲಿತದ್ದು ಚಿಕ್ಕಪ್ಪನ ಡಾರ್ಕ್‌ರೂಮಿನಲ್ಲಿ, ಹೈಪೋ ಕಲಸುತ್ತಾ.

ನಮ್ಮಲ್ಲಿ ಹೆಸರು ಮಾಡಿದವರೂ ಹೆಚ್ಚುಕಡಿಮೆ ಹೀಗೇ ಬಂದವರು. ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ; ಕ್ಯಾಮೆರಾ ಅಲ್ಲಿನ ಪಠ್ಯವಾಗಿರಲಿಲ್ಲ. ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮಾತ್ರ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1946ರಲ್ಲಿ ಡಿಪ್ಲೊಮಾ ಪಡೆದವರು. ಅದು ಲೆನ್ಸು, ಬೆಳಕು, ರಾಸಾಯನಿಕಗಳ ವಿದ್ಯೆ. ಆನರ್ಸ್ ಎಂಬುದರ ಜಾಡೇ ಬೇರೆ.

ಲೆಕ್ಕದಲ್ಲಿ ಹೇಳುವುದಾದರೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಈ ಪದವಿಗೆ ಮೂರು ವರ್ಷ, ವರ್ಷಕ್ಕೆ 120ರಂತೆ ಒಟ್ಟು 360 ಕ್ರೆಡಿಟ್. ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷ. ಸಾಮಾನ್ಯವಾಗಿ ಕೊನೆಯ ವರ್ಷ ಒಂದು ದೊಡ್ಡ ಚಿತ್ರಸರಣಿ, ಜೊತೆಗೊಂದು ಪ್ರಬಂಧ. ಫಸ್ಟ್ ಕ್ಲಾಸಿಗೆ 70 ಮುಟ್ಟಬೇಕು. 98 ಬಂದರೂ ಉಳಿದೆರಡು ಎಲ್ಲಿ ಹೋಯಿತು ಎಂದು ಕೇಳುವ ನಮ್ಮ ಅಪ್ಪ ಅಮ್ಮಂದಿರಿಗೆ, ಅಲ್ಲಿ 72 ತಂದವನು ತರಗತಿಯ ಜಾಣ ಎಂದರೆ ನಂಬಿಕೆ ಬರುವುದಿಲ್ಲ. ಕ್ಯಾಮೆರಾದ ಗುಂಡಿ, ತಿರುಪುಗಳ ಪಾಠ ಮೊದಲ ಕೆಲವು ತಿಂಗಳಲ್ಲೇ ಮುಗಿಯುತ್ತದೆ. ಮಿಕ್ಕ ಕಾಲವೆಲ್ಲ ಒಂದೇ ಪ್ರಶ್ನೆ: ಇದನ್ನು ಯಾಕೆ ತೆಗೆದೆ?

ಈ ಪ್ರಶ್ನೆಯನ್ನೇ ಪಾಠ ಮಾಡಿಕೊಂಡ ಒಂದು ಜಾಗವಿದೆ. ವೇಲ್ಸ್‌ನ ನ್ಯೂಪೋರ್ಟ್, ಹಡಗುಕಟ್ಟೆ ಮತ್ತು ಉಕ್ಕಿನ ಊರು. ಅಲ್ಲಿ 1973ರಲ್ಲಿ ಡಾಕ್ಯುಮೆಂಟರಿ ಫೋಟೊಗ್ರಫಿಯ ಶಾಲೆ ತೆರೆದವರು ಡೇವಿಡ್ ಹರ್ನ್. ಜಗತ್ತಿನ ದೊಡ್ಡ ಫೋಟೊಗ್ರಾಫರ್‌ಗಳ ಕೂಟವಾದ ಮ್ಯಾಗ್ನಮ್‌ನ ಸದಸ್ಯ. ಆದರೆ ಸ್ವತಃ ಯಾವ ಶಾಲೆಯಲ್ಲೂ ಫೋಟೊಗ್ರಫಿ ಕಲಿತವರಲ್ಲ; ಡಿಸ್ಲೆಕ್ಸಿಯಾದಿಂದಾಗಿ ಓದು ಬರಹವೇ ಅವರಿಗೆ ಕಷ್ಟವಾಗಿತ್ತು. ಸೇನಾ ತರಬೇತಿಯಲ್ಲಿದ್ದಾಗ ಒಂದು ಪತ್ರಿಕೆಯಲ್ಲಿ ಕಾರ್ಟಿಯೆ ಬ್ರೆಸೊನ್ ತೆಗೆದ ಚಿತ್ರ ಕಂಡರು. ಮಾಸ್ಕೋದ ಅಂಗಡಿಯಲ್ಲಿ ರಷ್ಯನ್ ಸೇನಾಧಿಕಾರಿಯೊಬ್ಬ ಹೆಂಡತಿಗೆ ಟೋಪಿ ಕೊಡಿಸುತ್ತಿದ್ದಾನೆ, ಅಷ್ಟೇ. ಯುದ್ಧ ಮುಗಿಸಿ ಬಂದ ತಮ್ಮಪ್ಪ ಅಮ್ಮನಿಗೆ ಟೋಪಿ ಕೊಡಿಸಿದ್ದು ನೆನಪಾಗಿ ಹರ್ನ್ ಅತ್ತುಬಿಟ್ಟರು, ಆಮೇಲೆ ಫೋಟೊಗ್ರಾಫರ್ ಆದರು. ಇಂಥವರು ಮೇಷ್ಟ್ರಾದರೆ ಮೊದಲು ಕ್ಯಾಮೆರಾ ಬಿಚ್ಚಿ ತೋರಿಸುತ್ತಾರೆಯೇ? ಫೋಟೊಗ್ರಫಿ ಬಿಟ್ಟು ಬೇರೆ ಯಾವುದರಲ್ಲಿ ನಿನಗೆ ಆಸಕ್ತಿ, ಪಟ್ಟಿ ಮಾಡು ಎನ್ನುವುದು ಅವರ ರೀತಿ. ಕಾಲಿಗೆ ಒಳ್ಳೆಯ ಶೂ ಇರಲಿ ಎನ್ನುವುದು ಇನ್ನೊಂದು. ಅಲೆಯದೆ ಚಿತ್ರ ಸಿಗುವುದಿಲ್ಲವಲ್ಲ.

ಆಗ ಆ ಶಾಲೆಯ ಓದಿಗೆ ಪದವಿಯ ಬಾಲವಿರಲಿಲ್ಲ. ಮುಂದೆ ಅದೇ ಬಿ.ಎ. ಆನರ್ಸ್ ಆಯಿತು, ಆಮೇಲೆ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಕಾರ್ಡಿಫ್ ಆವರಣಕ್ಕೆ ಹೋಯಿತು.

ಆ ಶಾಲೆಯ ಬಗ್ಗೆ ಮಾತು ಬಂದಾಗಲೆಲ್ಲ ಹೇಳುವ ಕಥೆ ಟಿಶ್ ಮರ್ಥಾಳದು. ಇಂಗ್ಲೆಂಡಿನ ಈಶಾನ್ಯ ಭಾಗದ ಬಡ ಮನೆಯ ಹತ್ತು ಮಕ್ಕಳಲ್ಲಿ ಒಬ್ಬಳು. ಹದಿನಾರಕ್ಕೇ ಶಾಲೆ ಬಿಟ್ಟವಳು. 1976ರಲ್ಲಿ ಸಂದರ್ಶನಕ್ಕೆ ಬಂದವಳನ್ನು ಹರ್ನ್ ಕೇಳಿದ್ದು ಒಂದೇ, ಏನನ್ನು ತೆಗೆಯಬೇಕು ಅಂತಿದ್ದೀಯ? ಪೊಲೀಸರು ಮಕ್ಕಳನ್ನು ಒದೆಯುವುದನ್ನು, ಎಂದಳಂತೆ. ಸೀಟು ಅಲ್ಲೇ ಸಿಕ್ಕಿತು. ಕಲಿತು ನ್ಯೂಕಾಸಲ್‌ಗೆ ಮರಳಿ ತನ್ನದೇ ಎಲ್ಸ್‌ವಿಕ್ ಕೇರಿಯನ್ನು ತೆಗೆದಳು. ಕೆಲಸವಿಲ್ಲದೆ ಕೂತ ಅಣ್ಣತಮ್ಮಂದಿರು, ಗೆಳೆಯರು. ಪಾಳುಬಿದ್ದ ಕಟ್ಟಡದ ಮೇಲಿನ ಕಿಟಕಿಯಿಂದ ಹಳೇ ಹಾಸಿಗೆಗಳ ಮೇಲೆ ಹಾರುವ ಹುಡುಗರ ಒಂದು ಚಿತ್ರವಿದೆ. ಒಬ್ಬ ಇನ್ನೂ ಗಾಳಿಯಲ್ಲೇ ಇದ್ದಾನೆ. ಅದನ್ನು ಆಟ ಎನ್ನಬೇಕೋ, ಗತಿಗೇಡು ಎನ್ನಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. 1981ರಲ್ಲಿ ಈ ಚಿತ್ರಗಳು ಪ್ರದರ್ಶನಗೊಂಡವು, ಬ್ರಿಟಿಷ್ ಪಾರ್ಲಿಮೆಂಟಿನಲ್ಲೂ ಪ್ರಸ್ತಾಪವಾದವು.

ಆದರೆ ಹೊಟ್ಟೆ ತುಂಬಿತೇ? ಇಲ್ಲ. ಟಿಶ್ ಕಷ್ಟದಲ್ಲೇ ಬದುಕಿ 2013ರಲ್ಲಿ ತೀರಿಕೊಂಡಳು. ನೆಗೆಟಿವ್‌ಗಳನ್ನು ಜೋಪಾನ ಮಾಡಿ ಪುಸ್ತಕ ತಂದದ್ದು ಮಗಳು. ಮಕ್ಕಳನ್ನು ಲಕ್ಷಗಟ್ಟಲೆ ಸಾಲ ಮಾಡಿ ಕಳಿಸುವ ತಂದೆತಾಯಂದಿರಿಗೆ ನಾನು ಈ ಎರಡನೇ ಭಾಗವನ್ನೂ ಹೇಳುತ್ತೇನೆ. ಮದುವೆ ಫೋಟೊ ತೆಗೆದು ಮನೆ ಕಟ್ಟಿದ ಹುಡುಗರು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಗೆ ಯಾವ ಆನರ್ಸೂ ಬೇಕಾಗಿಲ್ಲ. ದುಡಿಮೆಗಾಗಿ ಈ ಓದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಇನ್ಯಾತಕ್ಕೆ? ನಮ್ಮ ಹುಡುಗನ ತರಗತಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿ 'ಕ್ರಿಟ್' ಎಂಬುದೊಂದಿದೆ. ಪ್ರಿಂಟುಗಳನ್ನು ಗೋಡೆಗೆ ಅಂಟಿಸಬೇಕು, ಸಹಪಾಠಿಗಳೂ ಮೇಷ್ಟ್ರೂ ಸುತ್ತ ನಿಂತು ಮಾತಾಡುತ್ತಾರೆ. ಅವರ ತರಗತಿಯ ಕಟ್ಟಳೆ ಏನೆಂದರೆ, ತೆಗೆದವನು ಮೊದಲ ಇಪ್ಪತ್ತು ನಿಮಿಷ ತುಟಿ ಬಿಚ್ಚುವಂತಿಲ್ಲ. ಇವನು ಅಂಟಿಸಿದ್ದು ಅಜ್ಜಿ ಅಡಿಕೆ ಸುಲಿಯುವ ಹನ್ನೆರಡು ಚಿತ್ರ. ಚೊಗರು ಹಿಡಿದು ಕಪ್ಪಾದ ಬೆರಳು, ಮೆಟ್ಟುಗತ್ತಿಯ ಅಂಚಿನ ಬೆಳಕು, ಸುಕ್ಕುಗಟ್ಟಿದ ಮುಖದ ಅರ್ಧಭಾಗ. ಎಲ್ಲರೂ ಚೆಂದ ಅಂದರು. ಒಬ್ಬ ಹುಡುಗಿ, ಪಾಪ ಎಷ್ಟು ಒಂಟಿ ಜೀವ ಎಂದಳು. ಇನ್ನೊಬ್ಬ ಇದು ಮುಪ್ಪಿನ ಏಕಾಂತದ ಬಗೆಗಿನ ಕೆಲಸ ಎಂದ. ಇವನು ಹಲ್ಲು ಕಚ್ಚಿ ನಿಂತಿದ್ದ. ಕೊನೆಗೆ ಮೇಷ್ಟ್ರು, ಈ ಚಿತ್ರಗಳನ್ನು ಅವರಿಗೆ ತೋರಿಸಿದ್ದೀಯಾ ಎಂದಷ್ಟೇ ಕೇಳಿ ಮುಂದಿನ ಗೋಡೆಗೆ ಹೋದರು.

ರಜೆಗೆ ಬಂದಾಗ ತೋರಿಸಿದ. ನಾನೂ ಅಲ್ಲೇ ಜಗಲಿಯಲ್ಲಿದ್ದೆ. ಅಜ್ಜಿ ಕನ್ನಡಕ ಏರಿಸಿಕೊಂಡು ಹನ್ನೆರಡನ್ನೂ ನೋಡಿದರು. ಮತ್ತೆ ಮೊದಲಿಂದ ನೋಡಿದರು, ಏನೋ ಹುಡುಕುವವರ ಹಾಗೆ.

"ಶಾರದಾ ಎಲ್ಲಿ? ಪದ್ಮಾ ಎಲ್ಲಿ? ನಾಲ್ಕು ಜನ ಕೂತಿದ್ವಲ್ಲೋ ಅವತ್ತು."

"ಅವರು ಫ್ರೇಮಿನಲ್ಲಿ ಬಂದಿಲ್ಲ ಅಜ್ಜೀ."

"ಒಬ್ಬಳೇ ಕೂತು ಯಾರಾದ್ರೂ ಅಡಿಕೆ ಸುಲೀತಾರೇನೋ? ನಿದ್ದೆ ಬರಲ್ವಾ?"

ಬರುವ ಕೊಯ್ಲಿಗೆ ಹುಡುಗ ಮತ್ತೆ ಬರುತ್ತಾನಂತೆ. ಅಗಲದ ಲೆನ್ಸ್ ತರುತ್ತಾನಂತೆ.