ಕೂದಲೆಳೆಯಂಥ ಕೊಳವೆಯಲ್ಲಿ ಗಾಳಿಯ ಲೆಕ್ಕ

ಒಂದು ಹನಿ ಡೀಸೆಲ್‌ನಲ್ಲಿ ಸಾವಿರಾರು ಬಗೆಯ ಅಣುಗಳಿವೆ. ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರದ 30 ಮೀಟರ್ ಉದ್ದದ ಸಪೂರ ಕೊಳವೆಯಲ್ಲಿ ಹೀಲಿಯಂ ಜೊತೆ ಹಾಯಿಸಿದರೂ ಅವು ಒಂದರ ಮೇಲೊಂದು ಬಿದ್ದುಕೊಂಡೇ ಹೊರಬರುತ್ತವೆ. 1991ರಲ್ಲಿ ಅಮೆರಿಕದ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಫಿಲಿಪ್ಸ್ ಮತ್ತು ಜೈಯೂ ಲಿಯು ಬೇರೊಂದು ದಾರಿ ತೋರಿಸಿದರು. ಮೊದಲ ಕೊಳವೆಯಿಂದ ಬಂದದ್ದನ್ನು ಕೆಲವು ಸೆಕೆಂಡಿಗೊಮ್ಮೆ ಹಿಡಿದು, ಬೇರೆ ಲೇಪವಿರುವ ಗಿಡ್ಡ ಕೊಳವೆಗೆ ತಳ್ಳುವುದು. ಅಲ್ಲಿ ಅದು ಇನ್ನೊಮ್ಮೆ ಬೇರ್ಪಡುತ್ತದೆ.

ಹಿಡಿದು ತಳ್ಳುವ ಭಾಗವೇ ಮಾಡ್ಯುಲೇಟರ್. ದ್ರವ ನೈಟ್ರೋಜನ್‌ನಿಂದ ತಣಿಸಿ ಹಿಡಿಯುವುದು ದುಬಾರಿ ಬಗೆ. ಕವಾಟ ತಿರುಗಿಸಿ, ಪುಟ್ಟ ಸುರುಳಿಯೊಂದರಲ್ಲಿ ತುಂಬಿಸಿ, ಜೋರಾದ ಹರಿವಿನಿಂದ ಹೊರದೂಡುವುದು ಅಗ್ಗದ ಬಗೆ. ಆದರೆ ಇದರಲ್ಲಿ ಲೆಕ್ಕ ತಪ್ಪುವಂತಿಲ್ಲ.

ಲೆಕ್ಕ ಹೀಗೆ. ಮೊದಲ ಕೊಳವೆಯಿಂದ ನಿಮಿಷಕ್ಕೆ ಅರ್ಧ ಮಿಲಿಲೀಟರ್ ಅನಿಲ ಬರುತ್ತಿದೆ, ಸುರುಳಿ 50 ಮೈಕ್ರೋಲೀಟರಿನದು ಎನ್ನೋಣ. ಆರು ಸೆಕೆಂಡಿಗೆ ತುಂಬಬೇಕು. ಆದರೆ ಆ ಅರ್ಧ ಮಿಲಿಲೀಟರ್ ಹೊರಗಿನ ಒತ್ತಡದಲ್ಲಿ, ಕೋಣೆಯ ಉಷ್ಣತೆಯಲ್ಲಿ ಅಳೆದದ್ದು. ಸುರುಳಿಯೊಳಗೆ ಒತ್ತಡ ಎರಡು ಪಟ್ಟಿದ್ದರೆ ಅನಿಲ ಅರ್ಧಕ್ಕೆ ಕುಗ್ಗುತ್ತದೆ, ತುಂಬಲು ಹನ್ನೆರಡು ಸೆಕೆಂಡು ಬೇಕು. ಕೊಳವೆಗಳನ್ನು ಕಾಯಿಸುವ ಒಲೆ 250 ಡಿಗ್ರಿಗೆ ಏರಿದಾಗ, ಒತ್ತಡ ಹಾಗೇ ಇದ್ದರೆ, ಅದೇ ಅನಿಲ ಹಿಗ್ಗಿ ಏಳು ಸೆಕೆಂಡಿನೊಳಗೆ ತುಂಬಿಬಿಡುತ್ತದೆ. ಕವಾಟವನ್ನು ಎಂಟು ಸೆಕೆಂಡಿಗೆ ಹೊಂದಿಸಿದ್ದರೆ ಶುರುವಿನಲ್ಲಿ ಎಲ್ಲ ಸರಿ. ಕೊನೆಕೊನೆಗೆ ಸುರುಳಿ ಉಕ್ಕಿ, ಹಿಡಿದಿಡಬೇಕಾದದ್ದು ಸೋರಿಹೋಗುತ್ತದೆ.

ಒತ್ತಡವಾದರೂ ಹಾಗೇ ಉಳಿಯುತ್ತದೆಯೇ? ಎಣ್ಣೆ ಕಾದರೆ ತೆಳುವಾಗುತ್ತದೆ, ಅನಿಲದ್ದು ತದ್ವಿರುದ್ಧ. 25ರಿಂದ 250 ಡಿಗ್ರಿಗೆ ಕಾಯಿಸಿದರೆ ಹೀಲಿಯಂನ ಸ್ನಿಗ್ಧತೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹರಿವು ಕುಗ್ಗದಂತೆ ನೋಡಿಕೊಳ್ಳಲು ಯಂತ್ರ ಒತ್ತಡ ಏರಿಸಬೇಕು, ಏರಿಸಿದರೆ ಕೊಳವೆಗಳು ಸೇರುವ ಕೂಡುಜಾಗದ ಒತ್ತಡವೂ ಬದಲಾಗುತ್ತದೆ. ಇದನ್ನೆಲ್ಲ ಕಂಪ್ಯೂಟರಿನಲ್ಲಿ ವಿದ್ಯುತ್ ಮಂಡಲದಂತೆಯೇ ಬಿಡಿಸುತ್ತಾರೆ: ಕೊಳವೆಯೇ ರೋಧಕ, ಕೂಡುಜಾಗಕ್ಕೆ ಬಂದ ಹರಿವಿಗೂ ಅಲ್ಲಿಂದ ಹೋದ ಹರಿವಿಗೂ ತಾಳೆಯಾಗಬೇಕು. ವ್ಯತ್ಯಾಸ ಒಂದೇ. ಅನಿಲ ಕುಗ್ಗುವುದರಿಂದ ಇಲ್ಲಿ ಒತ್ತಡಗಳ ಬದಲು ಒತ್ತಡಗಳ ವರ್ಗಗಳ ಅಂತರ ಲೆಕ್ಕಕ್ಕೆ ಬರುತ್ತದೆ.

ಎಲ್ಲಕ್ಕಿಂತ ಕಾಡುವುದು ಕೊಳವೆಯ ವ್ಯಾಸ. ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ. 0.25 ಮಿಲಿಮೀಟರ್ ಎಂದುಕೊಂಡ ಕೊಳವೆ ನಿಜಕ್ಕೂ 0.26 ಆಗಿದ್ದರೆ ಹರಿವು ಶೇಕಡಾ 17ರಷ್ಟು ಹೆಚ್ಚು. ಅದಕ್ಕೇ ಬಲ್ಲವರು ಡಬ್ಬಿಯ ಮೇಲಿನ ಸಂಖ್ಯೆ ನಂಬುವುದಿಲ್ಲ. ಲೇಪಕ್ಕೆ ಅಂಟದ ಮೀಥೇನನ್ನು ಹಾಯಿಸಿ, ಅದು ಹೊರಬರಲು ಹಿಡಿದ ಸಮಯದಿಂದ ನಿಜವಾದ ವ್ಯಾಸ ಕಂಡುಕೊಳ್ಳುತ್ತಾರೆ. ಕಂಪ್ಯೂಟರಿನ ಲೆಕ್ಕಕ್ಕೆ ಉಣಿಸುವುದು ಆ ಸಂಖ್ಯೆಯನ್ನು.