ಕುಲ ಮತ್ತು ಗುಣ: ಒಂದು ದ್ರಾಕ್ಷಿಯ ಕಥೆ

ವೈನಿನ ರುಚಿಯನ್ನು ನಾನರಿಯೆ. ಆದರೂ ಒಂದು ಬಿಳಿ ದ್ರಾಕ್ಷಿಯ ವಂಶಾವಳಿ ನನ್ನನ್ನು ಬಹುವಾಗಿ ಕಾಡಿತು.

19ನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಬೂದಿರೋಗ, ಬೂಜುರೋಗಗಳು ಯೂರೋಪಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿದುವು. ಅವನ್ನು ತಡೆದುಕೊಳ್ಳುವ ಶಕ್ತಿಯಿದ್ದುದೂ ಅಮೆರಿಕದ ಕಾಡುಬಳ್ಳಿಗಳಲ್ಲಿಯೇ. ಎರಡು ಕುಲಗಳನ್ನೂ ಬೆರಸಿ ಫ್ರಾನ್ಸಿನಲ್ಲಿ ಪಡೆದ ತಳಿಗಳಲ್ಲೊಂದು ‘ಸೇವಾಲ್’. ಇಂಗ್ಲೆಂಡಿನ ತಂಪಿನಲ್ಲಿಯೂ ಅದು ಫಲಿಸಿತು. ಆದರೆ ಮುಂದೆ ಬಂದ ಐರೋಪ್ಯ ಒಕ್ಕೂಟದ ನಿಯಮ ಗುಣವನ್ನು ಕೇಳಲಿಲ್ಲ, ಕುಲವನ್ನು ಕೇಳಿತು. ಬೆರಕೆಯೆಂದು ಉತ್ತಮ ವೈನುಗಳ ಪಂಕ್ತಿಯಿಂದ ಎಬ್ಬಿಸಿತು.

1975ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ನಾರ್ಬರ್ಟ್ ಬೆಕರ್ ಎಂಬವರು ‘ಸೋಲಾರಿಸ್’ ತಳಿಯನ್ನು ಪಡೆದರು. ಸೇವಾಲ್ ಇದಕ್ಕೆ ತಾಯಿಯ ತಾಯಿ. ತಂದೆಯ ಕಡೆಯಿಂದ ಏಷ್ಯದ ಕಾಡುಬಳ್ಳಿಯ ರಕ್ತವೂ ಉಂಟು. ಅಜ್ಜಿಗಿಲ್ಲದ ಬೆರಕೆಯನ್ನೂ ಹೊತ್ತ ಈ ಮೊಮ್ಮಗಳನ್ನು ಜರ್ಮನಿ ಐರೋಪ್ಯ ಕುಲದವಳೆಂದೇ ದಾಖಲೆಯಲ್ಲಿ ಬರೆದುಕೊಂಡಿತು! ಬೇಗ ಮಾಗುವ ಆಕೆ ಡೆನ್ಮಾರ್ಕ್, ಸ್ವೀಡನ್ನುಗಳವರೆಗೂ ಹಬ್ಬಿದಳು. ಮೈಲುತುತ್ತ ಮೊದಲಾದುವುಗಳ ಸಿಂಪಡಣೆ ಆಕೆಗೆ ಅಷ್ಟಾಗಿ ಬೇಕಿಲ್ಲ.

2021ರಲ್ಲಿ ಒಕ್ಕೂಟ ಆ ನಿಯಮವನ್ನು ಸಡಿಲಿಸಿತು. ಆ ವೇಳೆಗೆ ಇಂಗ್ಲೆಂಡು ಒಕ್ಕೂಟವನ್ನೇ ಬಿಟ್ಟಿತ್ತು. ಬಳ್ಳಿಗೆ ಇದಾವುದೂ ತಿಳಿಯದು. ಕುಲವನ್ನು ಬರೆದಿಟ್ಟುಕೊಳ್ಳುವವರು ನಾವು; ರೋಗ ಬಂದಾಗ ನಾವು ನೆನೆಯುವುದು ಮಾತ್ರ ಗುಣವನ್ನು.