ನಿಂತ ಫ್ಯಾನ್ ಕೆಟ್ಟಿದೆ ಅಂದುಕೊಂಡ್ರಾ?

ಚಿತ್ರದುರ್ಗದ ಹೈವೇಯಲ್ಲಿ ಹೋಗುವಾಗ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವೆಲ್ಲ ನೋಡಿರ್ತೀರಿ. ಕಾರಿನಲ್ಲಿ ಮಕ್ಕಳಿದ್ದರೆ ಒಂದು ಪ್ರಶ್ನೆ ಗ್ಯಾರಂಟಿ: ‘ಅಷ್ಟು ದೊಡ್ಡ ಫ್ಯಾನ್ ಯಾರಿಗೆ ಗಾಳಿ ಹಾಕುತ್ತೆ?’ ದೊಡ್ಡವರ ಪ್ರಶ್ನೆ ಬೇರೆ: ‘ಎಷ್ಟೋ ಫ್ಯಾನ್ ನಿಂತೇ ಇವೆಯಲ್ಲ, ಕೆಟ್ಟು ಹೋಗಿವೆಯಾ?’

ನೋಡಿ, ಮನೆಯ ಫ್ಯಾನ್ ಕರೆಂಟ್ ತಗೊಂಡು ಗಾಳಿ ಕೊಡುತ್ತೆ. ಇದು ಗಾಳಿ ತಗೊಂಡು ಕರೆಂಟ್ ಕೊಡುತ್ತೆ. ಇದರ ರೆಕ್ಕೆಗೆ ವಿಮಾನದ ರೆಕ್ಕೆಯ ಹಾಗೆ ಬಾಗಿದ ಆಕಾರ ಇದೆ. ಗಾಳಿ ಹಾಯುವಾಗ ಒಂದು ಬದಿಯಲ್ಲಿ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ. ವಿಮಾನವನ್ನು ಮೇಲೆತ್ತುವ ಬಲವೇ ಇಲ್ಲಿ ರೆಕ್ಕೆಯನ್ನು ತಿರುಗಿಸುತ್ತೆ. ದೂರದಿಂದ ನೋಡಿದರೆ ನಿಮಿಷಕ್ಕೆ 15 ಸುತ್ತು, ಸೋಮಾರಿ ತರ. ಆದರೆ 50 ಮೀಟರ್ ಉದ್ದದ ರೆಕ್ಕೆಯ ತುದಿ ಆಗ ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿರುತ್ತೆ!

ಕಂಬದ ತುದಿಯ ಪೆಟ್ಟಿಗೆಯೊಳಗೆ ಗೇರ್‌ಬಾಕ್ಸ್ ಇರುತ್ತೆ. ಅದು ಈ 15 ಸುತ್ತನ್ನು 1500ರ ಆಸುಪಾಸಿಗೆ ಏರಿಸಿ ಜನರೇಟರ್‌ಗೆ ಕೊಡುತ್ತೆ. ತಂತಿ ಸುರುಳಿಗಳ ನಡುವೆ ಅಯಸ್ಕಾಂತ ಕ್ಷೇತ್ರ ತಿರುಗುತ್ತೆ, ಕರೆಂಟ್ ಹುಟ್ಟುತ್ತೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವ ಇದು. ಹಳೇ ಸೈಕಲ್‌ನ ಡೈನಮೋದಲ್ಲಿ ನಾವು ನೋಡಿದ್ದೂ ಇದನ್ನೇ.

ಹಾಗಾದ್ರೆ ನಿಲ್ಲೋದ್ಯಾಕೆ? ರಿಪೇರಿಗೆ ನಿಂತದ್ದೂ ಇರಬಹುದು. ಆದರೆ ಬಹಳ ಸಲ ಕಾರಣ ಗಾಳಿಯೇ. ಗಾಳಿಯ ಲೆಕ್ಕ ವಿಚಿತ್ರ. ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟು. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದೇ ಪಾಲು. ಸೆಕೆಂಡಿಗೆ ಸುಮಾರು 3 ಮೀಟರ್‌ಗಿಂತ ನಿಧಾನವಾಗಿ ಬೀಸಿದರೆ ಯಂತ್ರದಿಂದ ಕರೆಂಟೇ ಬರಲ್ಲ. 25 ಮೀಟರ್ ದಾಟಿದರೆ ಮುರಿದು ಬೀಳದಿರಲಿ ಅಂತ ತಾನೇ ರೆಕ್ಕೆ ತಿರುವಿಕೊಂಡು ನಿಂತುಬಿಡುತ್ತೆ.

ಪೂರ್ತಿ ಓಡಿದರೆ ಎಷ್ಟು ಸಿಗುತ್ತೆ? 2 ಮೆಗಾವ್ಯಾಟ್‌ನ ಒಂದು ಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ಓಡಿದರೆ 2000 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಲೆಕ್ಕದಲ್ಲಿ, ಹತ್ತು ಮನೆಗಳಿಗೆ ಇಡೀ ತಿಂಗಳ ಕರೆಂಟ್! ಕಲ್ಲಿದ್ದಲು ಬೇಡ, ಹೊಗೆ ಇಲ್ಲ.

ಇಷ್ಟೆಲ್ಲ ಇದ್ದೂ ಬೇಸಿಗೆಯಲ್ಲಿ ಕರೆಂಟ್‌ಗೆ ಪರದಾಟ ಯಾಕೆ? ನಮ್ಮಲ್ಲಿ ಗಾಳಿ ಜೋರು ಬೀಸೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಂಗಾರಿನಲ್ಲಿ. ಹಿರಿಯರು ಆಷಾಢದ ಗಾಳಿ ಅಂದದ್ದು ಸುಮ್ಮನೆ ಅಲ್ಲ. ಆದರೆ ರೈತ ಪಂಪ್‌ಸೆಟ್ ಮುಂದೆ ಕರೆಂಟ್‌ಗೆ ಕಾಯೋದು ಮಾರ್ಚ್, ಏಪ್ರಿಲ್‌ನಲ್ಲಿ. ಆಷಾಢದ ಕರೆಂಟನ್ನು ಚೈತ್ರಕ್ಕೆ ಎತ್ತಿಡೋ ಬ್ಯಾಟರಿ ನಮ್ಮ ಬಳಿ ಇಲ್ಲ. ಬ್ಯಾಟರಿ ಉಳಿಸಿಕೊಡೋದು ಕೆಲವು ಗಂಟೆಯ ಕರೆಂಟ್ ಮಾತ್ರ.

ದಾರಿ ಒಂದಿದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಗಾಳಿಯ ಕರೆಂಟನ್ನು ಪೂರ್ತಿ ಬಳಸಿಕೊಂಡರೆ, ಲಿಂಗನಮಕ್ಕಿ, ಸೂಪಾ ಜಲಾಶಯಗಳ ನೀರನ್ನು ಅಷ್ಟರಮಟ್ಟಿಗೆ ಉಳಿಸಬಹುದು. ಆ ನೀರು ಬೇಸಿಗೆಗೆ ಕರೆಂಟ್ ಆಗುತ್ತೆ. ಗಾಳಿಯನ್ನು ಡ್ಯಾಮ್‌ನಲ್ಲಿ ಕೂಡಿಡೋಕಾಗಲ್ಲ, ನಿಜ. ಗಾಳಿ ಉಳಿಸಿಕೊಟ್ಟ ನೀರನ್ನು ಕೂಡಿಡಬಹುದಲ್ವಾ?

ಹಾಗಾಗಿ ಏಪ್ರಿಲ್‌ನಲ್ಲಿ ಕರೆಂಟ್ ಹೋದಾಗ ಗುಡ್ಡದ ಮೇಲಿನ ಫ್ಯಾನ್‌ಗೆ ಬೈಬೇಡಿ. ಕಳೆದ ಜುಲೈನಲ್ಲಿ ಅದು ಭರ್ತಿ ಓಡ್ತಿದ್ದಾಗ ನಾವು ಎಷ್ಟು ನೀರು ಉಳಿಸಿದ್ವಿ? ಆಳುವವರನ್ನು ಕೇಳಬೇಕಾದ ಪ್ರಶ್ನೆ ಅದು.